ಸ್ಟೇಟಸ್ ಇಲ್ಲದ ಮಕ್ಕಳಿಗೆ ಅಮೆರಿಕದಲ್ಲಿ ಕಾಲೇಜು: ಯಾವ ದಾರಿ, ಎಷ್ಟು ಖರ್ಚು, ಎಷ್ಟು ಭರವಸೆ

ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. "ಕಮ್ಯುನಿಟಿ ಕಾಲೇಜು ಸಾಕಾ, ನೇರ ಯೂನಿವರ್ಸಿಟಿಗೇ ಹಾಕೋಣವಾ?" "ಬೇರೆ ರಾಜ್ಯಕ್ಕೆ ಮನೆ ಬದಲಾಯಿಸಿದರೆ ಫೀಸ್ ಕಡಿಮೆ ಆಗುತ್ತಾ?" "ಬೆಂಗಳೂರಿಗೇ ಕಳಿಸಿಬಿಡೋದು ವಾಸಿ ಅಲ್ವಾ?" ಕೇಳುವವರು ಅಮೆರಿಕದಲ್ಲಿರುವ ಅಪ್ಪ ಅಮ್ಮ. ಕೆಲವು ಸಲ ಮಗುವೇ ಕೇಳುತ್ತದೆ. ಕೆಲವು ಸಲ ಮೈಸೂರಿನಿಂದಲೋ ಶಿವಮೊಗ್ಗದಿಂದಲೋ ಸೋದರಮಾವ ಫೋನ್ ಮಾಡುತ್ತಾರೆ. ಎಲ್ಲರ ಕಷ್ಟ ಒಂದೇ. ಮಗು ಚೆನ್ನಾಗಿ ಓದುತ್ತಿದೆ, ಆದರೆ ಮನೆಯಲ್ಲಿ ಪೇಪರ್ಸ್ ಸರಿಯಿಲ್ಲ.

ಸ್ಟೇಟಸ್, ಅಂದರೆ ಅಮೆರಿಕದಲ್ಲಿರಲು ಕಾನೂನಿನ ಅನುಮತಿ, ಇಲ್ಲದವರು ಎಂದರೆ ಗಡಿ ದಾಟಿ ಬಂದವರು ಮಾತ್ರ ಎಂದು ಊರಿನಲ್ಲಿ ಅಂದುಕೊಂಡಿರುತ್ತಾರೆ. ಹಾಗಲ್ಲ. ವಿಸಿಟರ್ ವೀಸಾದಲ್ಲಿ ಬಂದು ಉಳಿದುಬಿಟ್ಟವರಿದ್ದಾರೆ. ಕೆಲಸ ಹೋಗಿ, ಎಚ್-1 ಎಂಬ ಕೆಲಸದ ವೀಸಾ ಹೋಗಿ, ಅದರ ಜತೆ ಮಕ್ಕಳ ಸ್ಟೇಟಸ್ಸೂ ಹೋದ ಮನೆಗಳಿವೆ. ಪ್ಯೂ ರಿಸರ್ಚ್ ಸೆಂಟರ್ 2021ಕ್ಕೆ ಕೊಟ್ಟ ಅಂದಾಜಿನಲ್ಲಿ ದಾಖಲೆ ಇಲ್ಲದೆ ಅಮೆರಿಕದಲ್ಲಿರುವ ಭಾರತೀಯರು ಸುಮಾರು 7.25 ಲಕ್ಷ. ಬೇರೆ ಸಂಸ್ಥೆಗಳ ಅಂದಾಜು ಇದಕ್ಕಿಂತ ಕಡಿಮೆ ಇದೆ. ಸಂಖ್ಯೆ ಏನೇ ಇರಲಿ, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲೂ ಇಂಥ ಮನೆಯವರು ಕೂತಿರುತ್ತಾರೆ. ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಅವರಿಗೆ ನಾನು ಹೇಳುವುದು ಮುಖ್ಯವಾಗಿ ಒಂದು ಮಾತು. ಮೊದಲ ವರ್ಷದ ಫೀಸ್ ನೋಡಿ ಕಾಲೇಜು ಆರಿಸಬೇಡಿ. ನಾಲ್ಕನೇ ವರ್ಷದ ಫೀಸ್ ಎಲ್ಲಿಂದ ಬರುತ್ತದೆ ಎಂದು ಕೇಳಿ ಆರಿಸಿ. ಬೇರೆ ಮಕ್ಕಳಿಗೆ ಮಧ್ಯದಲ್ಲಿ ದುಡ್ಡು ಸಾಲದೆ ಹೋದರೆ ಕೇಂದ್ರ ಸರ್ಕಾರದ ಸಾಲ ಇದೆ, ಕ್ಯಾಂಪಸ್ ಕೆಲಸ ಇದೆ. ಈ ಮಕ್ಕಳಿಗೆ ಎರಡೂ ಇಲ್ಲ. ಎರಡು ವರ್ಷ ಓದಿ ದುಡ್ಡಿಲ್ಲದೆ ನಿಂತುಹೋದರೆ ಕೈಯಲ್ಲಿ ಡಿಗ್ರಿಯೂ ಇರುವುದಿಲ್ಲ, ಉಳಿತಾಯವೂ ಇರುವುದಿಲ್ಲ.

ಮೊದಲು ಇಷ್ಟು ಗೊತ್ತಿರಲಿ

ಸ್ಟೇಟಸ್ ಇಲ್ಲದವರು ಕಾಲೇಜಿಗೆ ಸೇರಬಾರದು ಎಂಬ ಕಾನೂನು ಅಮೆರಿಕದ ಕೇಂದ್ರ ಸರ್ಕಾರದ ಮಟ್ಟದಲ್ಲಿ ಇಲ್ಲ. 12ನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯಲ್ಲಿ ಓದುವ ಹಕ್ಕನ್ನು 1982ರಲ್ಲಿ ಪ್ಲೈಲರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕಾಲೇಜಿಗೆ ಆ ರಕ್ಷಣೆ ಇಲ್ಲ. ಅಲ್ಲಿಂದ ಮುಂದೆ ಎಲ್ಲ ರಾಜ್ಯಕ್ಕೂ ಕಾಲೇಜಿಗೂ ಬಿಟ್ಟ ವಿಷಯ.

ಕೇಂದ್ರದ ದುಡ್ಡು ಮಾತ್ರ ಪೂರ್ತಿ ಮುಚ್ಚಿದ ಬಾಗಿಲು. ಆದಾಯ ಕಡಿಮೆ ಇರುವವರಿಗೆ ಕೊಡುವ ಪೆಲ್ ಗ್ರಾಂಟ್ ಇಲ್ಲ, ಸ್ಟೂಡೆಂಟ್ ಲೋನ್ ಇಲ್ಲ, ಕ್ಯಾಂಪಸ್ ಕೆಲಸದ ವರ್ಕ್-ಸ್ಟಡಿ ಇಲ್ಲ. ಚಿಕ್ಕಂದಿನಲ್ಲಿ ಬಂದವರನ್ನು ದೇಶದಿಂದ ಹೊರಹಾಕದೆ ಕೆಲಸದ ಪರ್ಮಿಟ್ ಕೊಡುವ ಡಾಕಾ ಯೋಜನೆಯಲ್ಲಿ ಇರುವವರಿಗೂ ಇಲ್ಲ. ಅಂದಹಾಗೆ ಡಾಕಾ ಈಗಿನ ಹೈಸ್ಕೂಲ್ ಮಕ್ಕಳಲ್ಲಿ ಬಹುತೇಕ ಯಾರಿಗೂ ಸಿಗುವುದಿಲ್ಲ. 2012ರಲ್ಲಿ ಬಂದ ಆ ಯೋಜನೆಗೆ 2007ರ ಜೂನ್ 15ಕ್ಕೂ ಮೊದಲೇ ಅಮೆರಿಕಕ್ಕೆ ಬಂದಿರಬೇಕು. ಈಗ 17 ವರ್ಷದ ಮಗು ಆಗ ಹುಟ್ಟಿಯೇ ಇರಲಿಲ್ಲ. ಮೇಲಾಗಿ 2021ರಿಂದ ಕೋರ್ಟ್ ಆದೇಶದಿಂದಾಗಿ ಹೊಸ ಅರ್ಜಿಗಳು ಮುಂದೆ ಹೋಗುತ್ತಿಲ್ಲ. "ಡಾಕಾ ಮಾಡಿಸಿಕೊಡ್ತೀನಿ" ಎಂದು ಯಾರಾದರೂ ಏಜೆಂಟ್ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನೊಂದು ವಿಷಯವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಯಾವ ಅರ್ಜಿಯಲ್ಲೂ "ಅಮೆರಿಕನ್ ಸಿಟಿಜನ್" ಎಂದು ಟಿಕ್ ಹಾಕಬೇಡಿ. ಬೇರೆಯವರ ಸೋಶಿಯಲ್ ಸೆಕ್ಯುರಿಟಿ ನಂಬರ್ ಬರೆಯಬೇಡಿ. ಸಿಟಿಜನ್ ಎಂದು ಸುಳ್ಳು ಹೇಳಿದ ದಾಖಲೆ ಸಿಕ್ಕರೆ ಮುಂದೆ ಮದುವೆಯ ಮೂಲಕ ಗ್ರೀನ್ ಕಾರ್ಡ್ ಸಿಗುವ ದಾರಿಯೂ ಶಾಶ್ವತವಾಗಿ ಮುಚ್ಚಬಹುದು. ನಂಬರ್ ಇಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ತಾಣವಾದ ಕಾಮನ್ ಆ್ಯಪ್‌ನಲ್ಲಿ ಅದು ಕಡ್ಡಾಯ ಅಲ್ಲ.

ಯಾವುದರಿಂದ ಅಳೆಯಬೇಕು

ನಾನು ಐದು ಪ್ರಶ್ನೆ ಕೇಳುತ್ತೇನೆ. ಯಾವ ದರದ ಫೀಸ್ ಹಾಕುತ್ತಾರೆ, ರಾಜ್ಯದವರ ದರವೋ ಹೊರಗಿನವರ ದರವೋ? ಕೇಂದ್ರದ ದುಡ್ಡು ಬಿಟ್ಟು ಬೇರೆ ಸಹಾಯ ಯಾರು ಕೊಡುತ್ತಾರೆ? ಆ ದರ, ಆ ಸಹಾಯ ನಾಲ್ಕು ವರ್ಷ ನಿಲ್ಲುತ್ತದಾ? ಮನೆಯ ಮಾಹಿತಿ ಯಾರ ಕೈಗೆ ಹೋಗುತ್ತದೆ? ಡಿಗ್ರಿ ಮುಗಿದ ಮೇಲೆ ಅದು ಏನಕ್ಕೆ ಉಪಯೋಗ ಆಗುತ್ತದೆ?

ಇದರಲ್ಲಿ ಮೊದಲನೆಯದೇ ಅರ್ಧ ಲೆಕ್ಕ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ (ಯುಸಿ) 2024-25ರಲ್ಲಿ ಹೊರರಾಜ್ಯದವರು ಮಾಮೂಲಿ ಫೀಸಿನ ಮೇಲೆ ವರ್ಷಕ್ಕೆ 34,200 ಡಾಲರ್ ಹೆಚ್ಚಿಗೆ ಕಟ್ಟಬೇಕಿತ್ತು. ನ್ಯೂಯಾರ್ಕ್ ನಗರದ ಸರ್ಕಾರಿ ಯೂನಿವರ್ಸಿಟಿಯಾದ ಕ್ಯೂನಿಯ ನಾಲ್ಕು ವರ್ಷದ ಕಾಲೇಜುಗಳಲ್ಲಿ ರಾಜ್ಯದವರಿಗೆ ವರ್ಷಕ್ಕೆ 6,930 ಡಾಲರ್, ಹೊರಗಿನವರಿಗೆ ಒಂದು ವರ್ಷದ 30 ಕ್ರೆಡಿಟ್‌ಗೆ 18,600. ಅದೇ ಕ್ಲಾಸು, ಅದೇ ಬೆಂಚು.

ಮೂರನೆಯ ಪ್ರಶ್ನೆಗೆ ಹಿಂದೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2025ರ ನಂತರ ಅದೇ ದೊಡ್ಡ ಪ್ರಶ್ನೆ. ಸ್ಟೇಟಸ್ ಇಲ್ಲದ ಮಕ್ಕಳಿಗೆ ರಾಜ್ಯದ ದರ ಕೊಟ್ಟ ಮೊದಲ ರಾಜ್ಯ ಟೆಕ್ಸಾಸ್, 2001ರಲ್ಲಿ. 2025ರ ಜೂನ್ 4ರಂದು ಕೇಂದ್ರದ ನ್ಯಾಯ ಇಲಾಖೆ ಆ ಕಾನೂನಿನ ಮೇಲೆ ಮೊಕದ್ದಮೆ ಹೂಡಿತು. ರಾಜ್ಯ ಸರ್ಕಾರ ವಾದವನ್ನೇ ಮಾಡದೆ ಒಪ್ಪಿಕೊಂಡಿತು. ಅದೇ ದಿನ ಕಾನೂನು ಬಿದ್ದುಹೋಯಿತು. ಫ್ಲಾರಿಡಾ 2014ರಲ್ಲಿ ಕೊಟ್ಟಿದ್ದನ್ನು 2025ರ ಜುಲೈ 1ರಿಂದ ತಾನೇ ವಾಪಸ್ ತೆಗೆದುಕೊಂಡಿತು. ಕೆಂಟಕಿ, ಮಿನ್ನೆಸೋಟ, ಒಕ್ಲಹೋಮ, ಇಲಿನಾಯ್, ಕ್ಯಾಲಿಫೋರ್ನಿಯಾ ರಾಜ್ಯಗಳ ಮೇಲೂ ಅದೇ ವರ್ಷ ಮೊಕದ್ದಮೆ ಬಿತ್ತು. ಹಾಗಾಗಿ ಕಾನೂನು ಇದೆಯಾ ಎಂದು ಕೇಳಿದರೆ ಸಾಲದು. ಅದನ್ನು ಉಳಿಸಿಕೊಳ್ಳಲು ಆ ರಾಜ್ಯ ಕೋರ್ಟಿನಲ್ಲಿ ನಿಂತು ಹೋರಾಡುತ್ತದಾ ಎಂದೂ ನೋಡಬೇಕು.

ಕಮ್ಯುನಿಟಿ ಕಾಲೇಜು, ಆಮೇಲೆ ವರ್ಗಾವಣೆ

ಕಮ್ಯುನಿಟಿ ಕಾಲೇಜು ಎಂದರೆ ಡಿಗ್ರಿಯ ಮೊದಲ ಎರಡು ವರ್ಷ ಓದಿಸುವ ಸ್ಥಳೀಯ ಸರ್ಕಾರಿ ಕಾಲೇಜು. ಕೈಯಲ್ಲಿ ದುಡ್ಡು ಕಡಿಮೆ ಇರುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ನಮ್ಮವರಲ್ಲಿ ಈ ಹೆಸರು ಕೇಳಿದರೆ ಮುಖ ಸಣ್ಣ ಮಾಡುವ ಅಭ್ಯಾಸ ಇದೆ. ಮಗ ಕಮ್ಯುನಿಟಿ ಕಾಲೇಜಾದ ಡಿ ಆ್ಯಂಜಾದಲ್ಲಿದ್ದಾನೆ ಎಂದು ನೆಂಟರಿಗೆ ಹೇಳಲು ಸಂಕೋಚ. ಆ ಸಂಕೋಚಕ್ಕೆ ಎಷ್ಟು ಸಾವಿರ ಡಾಲರ್ ತೆರಬೇಕಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ.

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದವರಿಗೆ ಒಂದು ಯೂನಿಟ್‌ಗೆ 46 ಡಾಲರ್. ಎರಡು ವರ್ಷಕ್ಕೆ 60 ಯೂನಿಟ್ ಎಂದರೆ 2,760 ಡಾಲರ್. ಆದಾಯ ಕಡಿಮೆ ಇದ್ದರೆ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್‌ನಲ್ಲಿ ಅದೂ ಮನ್ನಾ ಆಗುತ್ತದೆ. ಎಬಿ 540 ಎಂಬ ಕಾನೂನಿನ ಅಡಿ ಅರ್ಹತೆ ಇರುವ ಸ್ಟೇಟಸ್ ಇಲ್ಲದ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಎರಡು ವರ್ಷದ ನಂತರ ರಾಜ್ಯದ ಇನ್ನೊಂದು ಸರ್ಕಾರಿ ಯೂನಿವರ್ಸಿಟಿಯಾದ ಸಿಎಸ್‌ಯು, ಅಂದರೆ ಕ್ಯಾಲ್ ಸ್ಟೇಟ್‌ಗೆ ಹೋಗಲು ವರ್ಗಾವಣೆಗೆಂದೇ ಮಾಡಿದ ಅಸೋಸಿಯೇಟ್ ಡಿಗ್ರಿ ಇದೆ. ಯುಸಿಯ 6 ಕ್ಯಾಂಪಸ್‌ಗಳು ಟ್ಯಾಗ್ ಎಂಬ ಒಪ್ಪಂದದಲ್ಲಿ, ಕೇಳಿದ ಕೋರ್ಸು ಮತ್ತು ಗ್ರೇಡ್ ಇದ್ದರೆ ಸೀಟು ಖಾತ್ರಿ ಮಾಡುತ್ತವೆ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಅದರಲ್ಲಿ ಸೇರಿಲ್ಲ. ಕೊನೆಯಲ್ಲಿ ಕೈಗೆ ಬರುವ ಡಿಗ್ರಿ ಸರ್ಟಿಫಿಕೇಟು ಮಾತ್ರ ಯೂನಿವರ್ಸಿಟಿಯದೇ.

ಇನ್ನೊಂದು ಅನುಕೂಲ ಇದೆ. ಕಾನೂನು ಅಲುಗಾಡುತ್ತಿರುವ ಈ ಕಾಲದಲ್ಲಿ ಎರಡು ವರ್ಷದ ಓದು ಎಂದರೆ ಎರಡು ವರ್ಷದ ಅಪಾಯ ಮಾತ್ರ. ಮಧ್ಯದಲ್ಲಿ ಏನಾದರೂ ಆದರೂ ಒಂದು ಅಸೋಸಿಯೇಟ್ ಡಿಗ್ರಿ ಕೈಯಲ್ಲಿರುತ್ತದೆ.

ತೊಂದರೆಗಳೂ ಇವೆ. ವಸತಿ ಇರುವುದು ಅಪರೂಪ, ಹಾಗಾಗಿ ಮನೆಯಿಂದಲೇ ಓಡಾಡಬೇಕು. ಯಾವ ಕೋರ್ಸು ಯಾವ ಯೂನಿವರ್ಸಿಟಿಗೆ ಲೆಕ್ಕಕ್ಕೆ ಬರುತ್ತದೆ ಎಂದು ಮೊದಲೇ ನೋಡದಿದ್ದರೆ ಎರಡು ವರ್ಷ ಮೂರಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನೋಡಲು ಅಸಿಸ್ಟ್ ಎಂಬ ಸರ್ಕಾರಿ ತಾಣ ಇದೆ. ಮೊದಲ ಸೆಮಿಸ್ಟರ್‌ಗೂ ಮುಂಚೆ ಅದನ್ನು ತೆರೆದು ಕೂತುಕೊಳ್ಳಿ. ಇನ್ನೊಂದು ಎಚ್ಚರ: ಎಲ್ಲ ರಾಜ್ಯದಲ್ಲೂ ಕಮ್ಯುನಿಟಿ ಕಾಲೇಜು ಅಗ್ಗ ಅಲ್ಲ. ನಾರ್ತ್ ಕ್ಯಾರೊಲಿನಾದಲ್ಲಿ ಸ್ಟೇಟಸ್ ಇಲ್ಲದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಆದರೆ ಹೊರರಾಜ್ಯದವರ ದರದಲ್ಲಿ.

ಅಪ್ಪ ಅಮ್ಮನ ಹತ್ತಿರ ಸಹಾಯಕ್ಕೆ ಯಾರೂ ಇಲ್ಲದಿದ್ದರೂ ಇಲ್ಲಿ ಸಿಗುತ್ತಾರೆ. ಕ್ಯಾಲಿಫೋರ್ನಿಯಾದ ಹಲವು ಕಮ್ಯುನಿಟಿ ಕಾಲೇಜುಗಳಲ್ಲಿ ಡ್ರೀಮ್ ಸೆಂಟರ್ ಎಂಬ ಕಚೇರಿ ಇದೆ. ಅರ್ಜಿ ತುಂಬಿಸುತ್ತಾರೆ, ಪುಕ್ಕಟೆ ಲಾಯರ್‌ನ ಭೇಟಿ ಮಾಡಿಸುತ್ತಾರೆ. ಆ ಲಾಯರ್ ಭೇಟಿಯನ್ನು ಸುಮ್ನೆ ಬಿಟ್ಟುಬಿಡಬೇಡಿ. ತನಗೆ ಯಾವ ದಾರಿಯೂ ಇಲ್ಲ ಎಂದುಕೊಂಡ ಮಗುವಿಗೆ ಯಾವುದೋ ವೀಸಾದ ಅರ್ಹತೆ ಇರುವುದು ಅಲ್ಲಿ ಗೊತ್ತಾಗಬಹುದು.

ರಾಜ್ಯದ ಯೂನಿವರ್ಸಿಟಿಗೆ ನೇರವಾಗಿ

ಇಲ್ಲಿ ಎಲ್ಲವೂ ಮಗು ಯಾವ ರಾಜ್ಯದ ಹೈಸ್ಕೂಲಿನಲ್ಲಿ ಓದಿತು ಎಂಬುದರ ಮೇಲೆ ನಿಂತಿದೆ. ಅದಕ್ಕೆ ಕಾರಣ 1996ರ ಕೇಂದ್ರ ಕಾನೂನು. ಕೇವಲ ವಾಸದ ಆಧಾರದ ಮೇಲೆ ಸ್ಟೇಟಸ್ ಇಲ್ಲದವರಿಗೆ ರಾಜ್ಯದ ದರ ಕೊಟ್ಟರೆ, ಅದೇ ದರವನ್ನು ದೇಶದ ಎಲ್ಲ ಸಿಟಿಜನ್ನರಿಗೂ ಕೊಡಬೇಕು ಎಂದು ಅದು ಹೇಳುತ್ತದೆ. ಅದಕ್ಕೇ ರಾಜ್ಯಗಳು ವಾಸವನ್ನು ಬಿಟ್ಟು ಹೈಸ್ಕೂಲ್ ಓದನ್ನು ಹಿಡಿದುಕೊಂಡವು. ಕ್ಯಾಲಿಫೋರ್ನಿಯಾ 3 ವರ್ಷದ ಶಾಲೆ ಕೇಳುತ್ತದೆ. ನ್ಯೂಯಾರ್ಕ್ 2 ವರ್ಷ ಹೈಸ್ಕೂಲ್, ಅಲ್ಲೇ ಪಾಸಾಗಿರಬೇಕು, 5 ವರ್ಷದೊಳಗೆ ಕಾಲೇಜಿಗೆ ಅರ್ಜಿ ಹಾಕಿರಬೇಕು ಎನ್ನುತ್ತದೆ.

ಹಾಗಾಗಿ ಮನೆ ಬದಲಾಯಿಸುವ ಪ್ರಶ್ನೆಗೆ ನನ್ನ ಉತ್ತರ: ಮಗು 9 ಅಥವಾ 10ನೇ ಕ್ಲಾಸಿನಲ್ಲಿದ್ದರೆ ಯೋಚಿಸಬಹುದು. 12ನೇ ಕ್ಲಾಸಿನಲ್ಲಿದ್ದರೆ ಬದಲಾಯಿಸಿ ಪ್ರಯೋಜನ ಇಲ್ಲ. ಇದ್ದ ರಾಜ್ಯದ ಅರ್ಹತೆಯೂ ಹೋಗುತ್ತದೆ, ಹೊಸದೂ ಸಿಗುವುದಿಲ್ಲ.

ರಾಜ್ಯಗಳನ್ನು ನಾನು ಮನಸ್ಸಿನಲ್ಲಿ ಮೂರು ಗುಂಪಾಗಿ ಇಟ್ಟುಕೊಂಡಿದ್ದೇನೆ. ಮೊದಲ ಗುಂಪಿನವು ರಾಜ್ಯದ ದರವನ್ನೂ ಕೊಡುತ್ತವೆ, ರಾಜ್ಯದ ದುಡ್ಡನ್ನೂ ಕೊಡುತ್ತವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ವಾಷಿಂಗ್ಟನ್, ಇಲಿನಾಯ್ ಇದರಲ್ಲಿವೆ. ನಮ್ಮವರು ಜಾಸ್ತಿ ಇರುವ ಫ್ರೀಮಾಂಟ್, ಎಡಿಸನ್, ಸಿಯಾಟಲ್ ಸುತ್ತಮುತ್ತಲ ಮನೆಗಳಿಗೆ ಇದು ಒಳ್ಳೆಯ ಸುದ್ದಿ. ಇಲ್ಲಿ ಎಫ್ಎಎಫ್ಎಸ್ಎ, ಅಂದರೆ ಜನ ಫಾಫ್ಸಾ ಎನ್ನುವ ಕೇಂದ್ರದ ಅರ್ಜಿ ತುಂಬಬಾರದು. ರಾಜ್ಯದ ಬೇರೆ ಅರ್ಜಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅದು ಡ್ರೀಮ್ ಆ್ಯಕ್ಟ್ ಅರ್ಜಿ, ವಾಷಿಂಗ್ಟನ್‌ನಲ್ಲಿ ವಾಸ್ಫಾ. ಕ್ಯಾಲಿಫೋರ್ನಿಯಾದ ಅರ್ಜಿಯಿಂದ ಕ್ಯಾಲ್ ಗ್ರಾಂಟ್ ಸಿಗುತ್ತದೆ. ಆದಾಯ ಕಡಿಮೆ ಇದ್ದವರಿಗೆ ಅದು ಯುಸಿ, ಸಿಎಸ್‌ಯುಗಳಲ್ಲಿ ಟ್ಯೂಷನ್ನಿನ ದೊಡ್ಡ ಪಾಲನ್ನೇ ತೀರಿಸುತ್ತದೆ. ರಾಜ್ಯದ್ದೇ ಒಂದು ಡ್ರೀಮ್ ಲೋನ್ ಕೂಡ ಇದೆ. ನ್ಯೂಯಾರ್ಕ್‌ನಲ್ಲಿ 2019ರ ಹೊಸೆ ಪೆರಾಲ್ಟಾ ಡ್ರೀಮ್ ಆ್ಯಕ್ಟ್ ನಂತರ ರಾಜ್ಯದ ಸಹಾಯಗಳಾದ ಟ್ಯಾಪ್ ಗ್ರಾಂಟ್, ಎಕ್ಸೆಲ್ಸಿಯರ್ ಸ್ಕಾಲರ್‌ಶಿಪ್ ಎರಡೂ ತೆರೆದಿವೆ.

ಎರಡನೇ ಗುಂಪಿನ ರಾಜ್ಯಗಳು ಸೇರಿಸಿಕೊಳ್ಳುತ್ತವೆ, ಆದರೆ ಹೊರಗಿನವರ ದರ ಹಾಕುತ್ತವೆ. ಟೆಕ್ಸಾಸ್, ಫ್ಲಾರಿಡಾ ಈಗ ಇಲ್ಲಿಗೆ ಬಂದಿವೆ. ಡಾಲಸ್, ಆಸ್ಟಿನ್ ಕಡೆಯ ಮನೆಗಳಲ್ಲಿ ಓದುತ್ತಿದ್ದ ಮಕ್ಕಳಿಗೇ ಬಿಲ್ ಏಕಾಏಕಿ ಏರಿತು. ಇಂಥ ಕಡೆ ಪೂರ್ತಿ ಸ್ಕಾಲರ್‌ಶಿಪ್ ಕೈಗೆ ಬಾರದೆ ನೇರವಾಗಿ ಸೇರಿಸಬೇಡಿ ಎಂದೇ ನಾನು ಹೇಳುತ್ತೇನೆ. ಮನೆ ಅಡ ಇಟ್ಟು, ಊರಿನ ಸೈಟು ಮಾರಿ ಕಟ್ಟುವಂಥ ಫೀಸ್ ಅಲ್ಲ ಅದು.

ಮೂರನೆಯವು ಬಾಗಿಲನ್ನೇ ಹಾಕಿವೆ. ಅಲಬಾಮಾ, ಸೌತ್ ಕ್ಯಾರೊಲಿನಾ ಸರ್ಕಾರಿ ಕಾಲೇಜುಗಳಿಗೆ ಸೇರಿಸುವುದನ್ನೇ ತಡೆದಿವೆ. ಜಾರ್ಜಿಯಾದಲ್ಲಿ ಸ್ಪರ್ಧೆ ಹೆಚ್ಚಿರುವ ಸರ್ಕಾರಿ ಸಂಸ್ಥೆಗಳಿಗೆ ಪ್ರವೇಶವಿಲ್ಲ. ಜಾರ್ಜಿಯಾ ಟೆಕ್ ಅದರಲ್ಲಿ ಒಂದು. ಅಟ್ಲಾಂಟಾದ ಸುತ್ತ ಕನ್ನಡದ ಮನೆಗಳು ಸಾಕಷ್ಟಿವೆ. ಮನೆಯಿಂದ ಅರ್ಧ ಗಂಟೆ ದೂರದ ಜಾರ್ಜಿಯಾ ಟೆಕ್ ಕನಸು ಕಂಡ ಮಗುವಿಗೆ ಇದನ್ನು 12ನೇ ಕ್ಲಾಸಿನಲ್ಲಿ ಹೇಳುವುದು ಅನ್ಯಾಯ. ದಯವಿಟ್ಟು ಮೊದಲೇ ಹೇಳಿ.

ಪೂರ್ತಿ ಸಹಾಯ ಕೊಡುವ ಖಾಸಗಿ ಕಾಲೇಜು

ಕೇಳಿದವರು ಮೊದಲು ನಂಬುವುದಿಲ್ಲ: ಅತಿ ದುಬಾರಿ ಕಾಲೇಜೇ ಈ ಮಕ್ಕಳಿಗೆ ಅತಿ ಅಗ್ಗ ಆಗಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆ್ಯಮ್‌ಹರ್ಸ್ಟ್, ಬೌಡಿನ್ ಇವು ಯಾವ ದೇಶದ ಮಗುವಾದರೂ ಪ್ರವೇಶ ಕೊಡುವಾಗ ಮನೆಯ ಆದಾಯ ನೋಡುವುದಿಲ್ಲ. ಪ್ರವೇಶ ಕೊಟ್ಟ ಮೇಲೆ ಮನೆಯವರಿಂದ ಆಗದ ಖರ್ಚನ್ನೆಲ್ಲ ತಾವೇ ಕೊಡುತ್ತವೆ. ಪೊಮೊನಾ, ಸ್ವಾರ್ಥ್‌ಮೋರ್, ಟಫ್ಟ್ಸ್ ಥರದವು ಅಮೆರಿಕದ ಹೈಸ್ಕೂಲಿನಲ್ಲಿ ಓದಿದ ಸ್ಟೇಟಸ್ ಇಲ್ಲದ ಮಕ್ಕಳನ್ನು ವಿದೇಶಿಯರ ಗುಂಪಿಗೆ ಹಾಕದೆ ಇಲ್ಲಿನ ವಿದ್ಯಾರ್ಥಿಗಳಂತೆಯೇ ನೋಡುತ್ತವೆ.

ಇಲ್ಲಿ ದುಡ್ಡು ಕಾಲೇಜಿನದೇ ನಿಧಿಯಿಂದ ಬರುವುದರಿಂದ ರಾಜ್ಯದ ಕಾನೂನು ಬದಲಾದರೂ ಅಲುಗುವುದಿಲ್ಲ. ನನ್ನ ಮೂರನೇ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಬೇರೆ ಯಾವ ದಾರಿಯಲ್ಲೂ ಇಲ್ಲ.

ಆದರೆ ಸೀಟು ಸಿಗಬೇಕಲ್ಲ. ಹಾರ್ವರ್ಡ್, ಎಂಐಟಿಗಳಲ್ಲಿ ನೂರು ಅರ್ಜಿಯಲ್ಲಿ ಐದಕ್ಕೂ ಪ್ರವೇಶ ಸಿಗುವುದಿಲ್ಲ. ಪಟ್ಟಿಯಲ್ಲಿ ಇವು ಇರಲಿ, ಇವೇ ಪಟ್ಟಿ ಆಗುವುದು ಬೇಡ. ಇನ್ನೂ ನೂರಾರು ಖಾಸಗಿ ಕಾಲೇಜುಗಳಿವೆ. ಅಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಒಂದೊಂದು ಕಡೆ ಒಂದೊಂದು ಥರ. ಹೆಸರು ಹೇಳದೆ ಫೋನ್ ಮಾಡಿ ಎರಡು ವಿಷಯ ಕೇಳಿ. ಸ್ಟೇಟಸ್ ಇಲ್ಲದ ಮಗುವನ್ನು ಇಲ್ಲಿಯವರಂತೆ ನೋಡುತ್ತೀರಾ, ವಿದೇಶಿಯರಂತೆ ನೋಡುತ್ತೀರಾ? ನಿಮ್ಮ ಸಹಾಯದ ಲೆಕ್ಕದಲ್ಲಿ ಕ್ಯಾಂಪಸ್ ಕೆಲಸದ ದುಡ್ಡು ಎಂದು ತೋರಿಸುವ ಭಾಗವನ್ನು ಕೆಲಸದ ಪರ್ಮಿಟ್ ಇಲ್ಲದ ಮಗುವಿಗೆ ಯಾವುದರಿಂದ ತುಂಬುತ್ತೀರಾ? ಎರಡನೆಯದನ್ನು ಕೇಳಲು ಬಹಳ ಜನಕ್ಕೆ ಹೊಳೆಯುವುದಿಲ್ಲ. ವರ್ಷಕ್ಕೆ ಎರಡು ಮೂರು ಸಾವಿರ ಡಾಲರ್ ಅಲ್ಲೇ ಕೊರತೆ ಬೀಳುತ್ತದೆ. ಕೆಲವು ಕಾಲೇಜು ಅದನ್ನು ಗ್ರಾಂಟ್ ಆಗಿ ಕೊಡುತ್ತವೆ, ಕೆಲವು ಕೊಡುವುದಿಲ್ಲ.

ಈ ಕಾಲೇಜುಗಳಲ್ಲಿ ಹೆಚ್ಚಿನವು ಸಹಾಯಕ್ಕೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ ಕೇಳುತ್ತವೆ. ಅದನ್ನು ನಡೆಸುವುದು ಕಾಲೇಜ್ ಬೋರ್ಡ್, ಸರ್ಕಾರ ಅಲ್ಲ. ಸೋಶಿಯಲ್ ನಂಬರ್ ಇಲ್ಲದೆಯೂ ತುಂಬಬಹುದು. ಆದಾಯದ ಪುರಾವೆ ಬೇಕಾಗುತ್ತದೆ, ಹಾಗಾಗಿ ಅಪ್ಪ ಅಮ್ಮ, ಸೋಶಿಯಲ್ ನಂಬರ್ ಇಲ್ಲದವರಿಗೆ ತೆರಿಗೆ ಇಲಾಖೆ ಕೊಡುವ ಐಟಿಐಎನ್ ನಂಬರಿನಲ್ಲಿ ತೆರಿಗೆ ಕಟ್ಟುತ್ತಿದ್ದರೆ ಕೆಲಸ ಸುಲಭ.

ಖಾಸಗಿ ಸ್ಕಾಲರ್‌ಶಿಪ್

ಇದು ಒಂದು ದಾರಿ ಅಲ್ಲ, ಮೇಲಿನ ದಾರಿಗಳಿಗೆ ಊರುಗೋಲು. ಸ್ಟೇಟಸ್ ಇಲ್ಲದವರಿಗೆಂದೇ ಇರುವ ದೊಡ್ಡ ನಿಧಿ ದಿ ಡ್ರೀಮ್ ಡಾಟ್ ಯುಎಸ್. ಅದರಲ್ಲಿ ಎರಡು ಬಗೆ. ಒಂದು ತನ್ನ ರಾಜ್ಯದಲ್ಲಿ ರಾಜ್ಯದ ದರ ಸಿಗುವ ಮಕ್ಕಳಿಗೆ. ಇನ್ನೊಂದು ಬಾಗಿಲು ಹಾಕಿದ ರಾಜ್ಯಗಳ ಮಕ್ಕಳಿಗೆ, ಅವರನ್ನು ಬೇರೆ ರಾಜ್ಯದ ನಿಗದಿತ ಕಾಲೇಜುಗಳಿಗೆ ಕಳಿಸಿ ಓದಿಸುತ್ತದೆ. ಜಾರ್ಜಿಯಾ, ಸೌತ್ ಕ್ಯಾರೊಲಿನಾದ ಮಗುವಿಗೆ ನಾನು ಮೊದಲು ತೋರಿಸುವುದು ಈ ಎರಡನೆಯದನ್ನು. ಗೋಲ್ಡನ್ ಡೋರ್ ಸ್ಕಾಲರ್ಸ್ ಇನ್ನೊಂದು. ಇಮಿಗ್ರಂಟ್ಸ್ ರೈಸಿಂಗ್ ಎಂಬ ಸಂಸ್ಥೆ ಸ್ಟೇಟಸ್ ಕೇಳದ ಸ್ಕಾಲರ್‌ಶಿಪ್‌ಗಳ ಪಟ್ಟಿ ಇಡುತ್ತದೆ. ಸ್ಕಾಲರ್‌ಶಿಪ್ ಕೊಡಿಸಲು ಮುಂಗಡ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ಕೆಲವು ಮೊದಲ ವರ್ಷಕ್ಕೆ ಮಾತ್ರ ಇರುತ್ತವೆ, ಅದನ್ನು ನೋಡಿಕೊಳ್ಳಿ.

ಊರಿಗೆ ವಾಪಸ್

"ಇಷ್ಟೆಲ್ಲ ಯಾಕೆ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮಾಡಲಿ" ಎನ್ನುವವರ ಮಾತಿನಲ್ಲಿ ಅರ್ಥ ಇದೆ. ಅಲ್ಲಿ ಮಗು ಭಾರತದ ಪ್ರಜೆ. ಓದಬಹುದು, ಕೆಲಸ ಮಾಡಬಹುದು, ಹೆದರದೆ ಓಡಾಡಬಹುದು. ನನ್ನ ಐದನೇ ಪ್ರಶ್ನೆಗೆ, ಡಿಗ್ರಿ ಆದಮೇಲೆ ಏನು ಎಂಬುದಕ್ಕೆ, ಇದೇ ನೇರ ಉತ್ತರ.

ಆದರೆ ವಿಮಾನದ ಟಿಕೆಟ್ ತೆಗೆಯುವ ಮೊದಲು ಒಂದು ಲೆಕ್ಕ ಮಾಡಲೇಬೇಕು. 18 ವರ್ಷ ತುಂಬಿದ ಮೇಲೆ ಸ್ಟೇಟಸ್ ಇಲ್ಲದೆ 180 ದಿನಕ್ಕಿಂತ ಹೆಚ್ಚು ಇದ್ದು ಹೊರಗೆ ಹೋದರೆ 3 ವರ್ಷ ವಾಪಸ್ ಬರುವ ಹಾಗಿಲ್ಲ. ಒಂದು ವರ್ಷ ಅಥವಾ ಹೆಚ್ಚು ಇದ್ದು ಹೋದರೆ 10 ವರ್ಷ. 18ಕ್ಕಿಂತ ಮೊದಲಿನ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ 18 ತುಂಬಿ 180 ದಿನ ಆಗುವ ಮುಂಚೆ ಹೊರಟ ಮಗುವಿಗೆ ಈ ತಡೆ ಇಲ್ಲ. ಹತ್ತೊಂಬತ್ತೂವರೆಗೆ ಹೊರಟರೆ ಹತ್ತು ವರ್ಷ ಅಪ್ಪ ಅಮ್ಮನನ್ನು ನೋಡಲೂ ಬರಲು ಆಗದೆ ಹೋಗಬಹುದು. ಅಪ್ಪ ಅಮ್ಮ ಭಾರತಕ್ಕೆ ಬಂದರೆ ಅವರೂ ಅಮೆರಿಕಕ್ಕೆ ವಾಪಸ್ ಹೋಗುವ ಹಾಗಿಲ್ಲ. ಇದನ್ನು ಲಾಯರ್ ಹತ್ತಿರ ದಿನ ಎಣಿಸಿ ನೋಡದೆ ಯಾರೂ ಹೊರಡಬಾರದು. ಕೆನಡಾಕ್ಕೆ ಓದಲು ಹೋಗುವವರಿಗೂ ಇದೇ ಲೆಕ್ಕ. ಜತೆಗೆ ಅಲ್ಲಿ ವಿದೇಶಿ ವಿದ್ಯಾರ್ಥಿಯ ಪೂರ್ತಿ ಫೀಸ್.

ಇನ್ನು ಸೀಟಿನ ವಿಷಯ. ಸಿಇಟಿಯ ಸರ್ಕಾರಿ ಕೋಟಾಕ್ಕೆ ಸಾಮಾನ್ಯವಾಗಿ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು ಎಂಬ ಷರತ್ತು ಇದೆ. ಅಮೆರಿಕದಲ್ಲಿ ಬೆಳೆದ ಮಗುವಿಗೆ ಅದು ಕಷ್ಟ. ಉಳಿಯುವುದು ಕಾಮೆಡ್-ಕೆ, ಖಾಸಗಿ ಯೂನಿವರ್ಸಿಟಿಗಳ ಸ್ವಂತ ಪರೀಕ್ಷೆ, ಇಲ್ಲವೇ ಎನ್‌ಆರ್‌ಐ ಸೀಟು. ಎನ್‌ಆರ್‌ಐ ಸೀಟಿನ ಫೀಸ್ ನೋಡಿದರೆ ಅಮೆರಿಕದ ಕಮ್ಯುನಿಟಿ ಕಾಲೇಜೇ ಅಗ್ಗ ಅನ್ನಿಸುತ್ತದೆ. ಸುರತ್ಕಲ್‌ನ ಎನ್‌ಐಟಿಕೆಗೆ ಡಾಸಾ ಎಂಬ, ಹೊರದೇಶದಲ್ಲಿ ಓದಿದವರ ಕೋಟಾ ಇದೆ. ಅದಕ್ಕೂ ಜೆಇಇ ಮೇನ್ ಬರೆಯಬೇಕು. ಅಮೆರಿಕದ ಡಿಪ್ಲೊಮಾ ನಮ್ಮ ಪಿಯುಸಿಗೆ ಸಮ ಎಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘದಿಂದ ಪತ್ರ ಬೇಕಾಗಬಹುದು. ಇಂಜಿನಿಯರಿಂಗ್ ಬೇಕಿದ್ದರೆ 11, 12ರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ತೆಗೆದುಕೊಂಡಿರಬೇಕು. ಅಮೆರಿಕದ ಮಕ್ಕಳು ಎಷ್ಟೋ ಸಲ ಒಂದನ್ನು ಬಿಟ್ಟಿರುತ್ತಾರೆ. ಕಲೆ, ಸಮಾಜ ವಿಜ್ಞಾನದ ಕಡೆ ಒಲವಿರುವ ಮಗುವಿಗೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಒಳ್ಳೆಯ ಆಯ್ಕೆ. ಮನೆಯ ಆದಾಯ ನೋಡಿ ಫೀಸ್ ಕಡಿಮೆ ಮಾಡುತ್ತಾರೆ.

ಮಗುವಿಗೆ ಆ ಊರಿನ ನೆನಪೇ ಇಲ್ಲದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಡನೇ ವಯಸ್ಸಿಗೆ ಅಮೆರಿಕಕ್ಕೆ ಬಂದ ಮಗುವಿಗೆ ಅದು ವಾಪಸ್ ಹೋಗುವುದಲ್ಲ. ಹೊಸ ದೇಶಕ್ಕೆ ಒಬ್ಬರೇ ಹೋಗುವುದು. ಅಜ್ಜಿ ಮನೆ ಇದೆಯಾ, ಕನ್ನಡ ಬರುತ್ತದಾ, ಮಗು ಏನು ಹೇಳುತ್ತದೆ, ಇದನ್ನೆಲ್ಲ ಕೇಳಿ.

ಎಚ್-4ನಲ್ಲಿ ಇರುವವರಿಗೆ

ಎಚ್-4 ಎಂದರೆ ಎಚ್-1 ಇರುವವರ ಸಂಗಾತಿಗೆ, ಮಕ್ಕಳಿಗೆ ಸಿಗುವ ವೀಸಾ. ಈ ಮಕ್ಕಳಿಗೆ ಸ್ಟೇಟಸ್ ಇದೆ, ಆದರೆ 21ಕ್ಕೆ ಮುಗಿಯುತ್ತದೆ. ಭಾರತೀಯರ ಗ್ರೀನ್ ಕಾರ್ಡ್ ಕ್ಯೂ ಉದ್ದ ಇರುವುದರಿಂದ ಎಷ್ಟೋ ಮಕ್ಕಳು ಕಾಲೇಜಿನ ಮಧ್ಯದಲ್ಲೇ ಏಜ್ ಔಟ್ ಆಗುತ್ತಾರೆ. 21 ತುಂಬುವ ಮೊದಲೇ ವಿದ್ಯಾರ್ಥಿ ವೀಸಾ ಆದ ಎಫ್-1ಗೆ ಬದಲಾಯಿಸಿಕೊಳ್ಳದಿದ್ದರೆ ಇವರೂ ಸ್ಟೇಟಸ್ ಇಲ್ಲದವರಾಗುತ್ತಾರೆ. ಕಾಲೇಜು ಆರಿಸುವಾಗಲೇ ಕೇಳಿ: ಎಫ್-1ಗೆ ಬದಲಾದ ದಿನ ನಮ್ಮ ಫೀಸ್ ದರ ಬದಲಾಗುತ್ತದಾ? ಎಚ್-4ನಲ್ಲಿ ರಾಜ್ಯದ ದರ ಕೊಟ್ಟ ಕಾಲೇಜು ಎಫ್-1 ಆದಮೇಲೆ ಹೊರಗಿನವರ ದರ ಹಾಕಬಹುದು. ಮಗುವಿಗೆ 21 ಆಗುವುದು ಎರಡನೇ ವರ್ಷದಲ್ಲೋ ನಾಲ್ಕನೇ ವರ್ಷದಲ್ಲೋ ನೋಡಿ ಆ ಖರ್ಚನ್ನು ಈಗಲೇ ಬರೆದಿಟ್ಟುಕೊಳ್ಳಿ. ಕೇಂದ್ರದ ಸಹಾಯ ಇವರಿಗೂ ಇಲ್ಲ.

ಮಾಹಿತಿ ಕೊಡುವ ಭಯ

ಕಾಲೇಜಿನ ದಾಖಲೆಗಳಿಗೆ 1974ರ ಫರ್ಪಾ ಕಾನೂನಿನ ರಕ್ಷಣೆ ಇದೆ. ಒಪ್ಪಿಗೆ ಅಥವಾ ಕೋರ್ಟಿನ ಆದೇಶದಂಥ ಕಾನೂನಿನ ಕಾರಣ ಇಲ್ಲದೆ ಕಾಲೇಜು ಹೊರಗೆ ಕೊಡುವಂತಿಲ್ಲ. ನಿಜವಾದ ಇಕ್ಕಟ್ಟು ಬೇರೆ ಕಡೆ ಇದೆ. ಅಕ್ಕನಿಗೆ ಸ್ಟೇಟಸ್ ಇಲ್ಲ, ತಮ್ಮ ಇಲ್ಲೇ ಹುಟ್ಟಿದ ಸಿಟಿಜನ್. ತಮ್ಮನಿಗೆ ಪೆಲ್ ಗ್ರಾಂಟ್ ಪೂರ್ತಿ ಹಕ್ಕು. ಆದರೆ ಅದಕ್ಕೆ ಫಾಫ್ಸಾದಲ್ಲಿ ಅಪ್ಪ ಅಮ್ಮನ ವಿವರ ಕೇಂದ್ರ ಸರ್ಕಾರಕ್ಕೆ ಕೊಡಬೇಕು. ಕ್ಯಾಲಿಫೋರ್ನಿಯಾ ಇಂಥ ಮನೆಯ ಸಿಟಿಜನ್ ಮಕ್ಕಳಿಗೂ ರಾಜ್ಯದ ಡ್ರೀಮ್ ಆ್ಯಕ್ಟ್ ಅರ್ಜಿಯನ್ನೇ ತೆರೆದಿದೆ. ಆಗ ರಾಜ್ಯದ ದುಡ್ಡು ಮಾತ್ರ ಸಿಗುತ್ತದೆ, ಕೇಂದ್ರದ್ದು ಬಿಡಬೇಕು. ಅಪ್ಪ ಅಮ್ಮನ ವಿವರ ತೆರಿಗೆ ಇಲಾಖೆಯ ಹತ್ತಿರ ಮೊದಲೇ ಇದ್ದರೆ ಕೆಲವರು ಫಾಫ್ಸಾ ತುಂಬುತ್ತಾರೆ. ಎಲ್ಲೂ ಹೆಸರಿಲ್ಲದ ಮನೆಯವರು ಮೊದಲು ಲಾಯರ್ ಹತ್ತಿರ ಕೂತು ಮಾತಾಡಲಿ. ಇದನ್ನು ಬೇರೆಯವರು ತೀರ್ಮಾನ ಮಾಡಲು ಆಗುವುದಿಲ್ಲ.

ಯಾರಿಗೆ ಯಾವುದು

ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಥರದ ರಾಜ್ಯ, ಸಣ್ಣ ಆದಾಯ, ಮನೆಯಿಂದ ಓಡಾಡಲು ಆಗುತ್ತದೆ: ಕಮ್ಯುನಿಟಿ ಕಾಲೇಜಿನಿಂದ ಶುರು ಮಾಡಿ. ಅದೇ ರಾಜ್ಯದಲ್ಲಿದ್ದು ಗ್ರೇಡ್ ತುಂಬಾ ಚೆನ್ನಾಗಿದ್ದರೆ ರಾಜ್ಯದ ಯೂನಿವರ್ಸಿಟಿಗೂ, ಪೂರ್ತಿ ಸಹಾಯದ ಐದಾರು ಖಾಸಗಿ ಕಾಲೇಜಿಗೂ ಹಾಕಿ, ಕೊನೆಯಲ್ಲಿ ಕೈಯಿಂದ ಕಟ್ಟಬೇಕಾದ ಮೊತ್ತ ಹೋಲಿಸಿ. ಅರ್ಜಿ ಫೀಸ್ ಮನ್ನಾ ಮಾಡಿಸಲು ಶಾಲೆಯ ಕೌನ್ಸೆಲರ್ ಸಹಾಯ ಮಾಡುತ್ತಾರೆ. ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯಾದವರು ಖಾಸಗಿ ಕಾಲೇಜು ಮತ್ತು ಹೊರರಾಜ್ಯದ ಸ್ಕಾಲರ್‌ಶಿಪ್ ಕಡೆ ಮೊದಲು ನೋಡಿ. 18 ತುಂಬಿಲ್ಲ, ಊರಿನಲ್ಲಿ ಗಟ್ಟಿ ಆಸರೆ ಇದೆ, ಮಗುವಿಗೂ ಮನಸ್ಸಿದೆ ಎಂದರೆ ಭಾರತವನ್ನು ಗಂಭೀರವಾಗಿ ಯೋಚಿಸಿ. 19 ದಾಟಿದೆ ಎಂದರೆ ಅದು ಬೇರೆಯೇ ತೂಕದ ನಿರ್ಧಾರ.

ವಿಷಯ ಆರಿಸುವಾಗಲೂ ಈ ಸ್ಥಿತಿ ನೆನಪಿರಲಿ. ನರ್ಸಿಂಗ್, ಟೀಚಿಂಗ್ ಥರದವಕ್ಕೆ ರಾಜ್ಯದ ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾ ಸ್ಟೇಟಸ್ ನೋಡದೆ ಹಲವು ವೃತ್ತಿಗಳ ಲೈಸೆನ್ಸ್ ಕೊಡುತ್ತದೆ, ಎಲ್ಲ ರಾಜ್ಯ ಕೊಡುವುದಿಲ್ಲ. ಲೈಸೆನ್ಸ್ ಸಿಕ್ಕರೂ ಕೆಲಸಕ್ಕೆ ಸೇರಲು ಪರ್ಮಿಟ್ ಬೇರೆ ಬೇಕು. ಬೇರೆ ದೇಶದಲ್ಲೂ ಬೆಲೆ ಇರುವ ಡಿಗ್ರಿ, ಉದಾಹರಣೆಗೆ ಕಂಪ್ಯೂಟರ್ ಸೈನ್ಸ್, ಅಕೌಂಟಿಂಗ್, ಇಂಜಿನಿಯರಿಂಗ್, ಮುಂದೆ ಯಾವ ಕಡೆ ಹೋಗಬೇಕಾಗಿ ಬಂದರೂ ಜತೆಗೆ ಬರುತ್ತದೆ.

ಸೀಟು ಒಪ್ಪಿಕೊಳ್ಳಲು ಹೆಚ್ಚಿನ ಕಾಲೇಜುಗಳ ಕೊನೆಯ ದಿನ ಮೇ 1. ಅದಕ್ಕೂ ಮೊದಲು ಸಹಾಯದ ಪತ್ರವನ್ನು ಕೈಯಲ್ಲಿ ಹಿಡಿದು ಫೈನಾನ್ಷಿಯಲ್ ಏಡ್ ಕಚೇರಿಗೆ ಹೋಗಿ. ಈ ಮೊತ್ತ ನಾಲ್ಕು ವರ್ಷಕ್ಕೂ ಇದೆಯಾ, ಯಾವ ಗ್ರೇಡ್ ಇಟ್ಟುಕೊಳ್ಳಬೇಕು, ರಾಜ್ಯದ ಕಾನೂನು ಬಿದ್ದರೆ ಓದುತ್ತಿರುವ ಮಕ್ಕಳಿಗೆ ನೀವು ಏನು ಮಾಡುತ್ತೀರಿ ಎಂದು ಕೇಳಿ. ಉತ್ತರವನ್ನು ಇಮೇಲಿನಲ್ಲಿ ಬರೆದು ಕೊಡಲು ಹೇಳಿ. ಸಹಾಯ ಸಾಲದಿದ್ದರೆ ಮರುಪರಿಶೀಲನೆಗೆ ಒಂದು ಪತ್ರ ಕೊಡಿ, ಬೇರೆ ಕಾಲೇಜು ಕೊಟ್ಟ ಮೊತ್ತವನ್ನೂ ಅದರ ಜತೆ ಇಡಿ. ಎಷ್ಟೋ ಕಚೇರಿಗಳು ಆ ಪತ್ರ ಬಂದಮೇಲೆಯೇ ಮತ್ತೊಮ್ಮೆ ಲೆಕ್ಕ ಹಾಕುತ್ತವೆ.